ಜಿಪ್ಪಿನ ಮೇಲುಡುಪು ಕೊಳ್ಳುವ ಮುನ್ನ: ಹೂಡಿಯೋ, ಫ್ಲೀಸೋ, ವಿಂಡ್‌ಚೀಟರೋ, ಸ್ವೆಟರೋ?

ಜನವರಿಯ ಬೆಂಗಳೂರಿನಲ್ಲಿ ಬೆಳಗಿನ ಜಾವ 15–16 ಡಿಗ್ರಿ ಇರುತ್ತದೆ, ಅದೇ ದಿನ ಮಧ್ಯಾಹ್ನ 27ರ ಆಸುಪಾಸು. ನಡುವಿನ ಹೊತ್ತನ್ನೆಲ್ಲ ಎ.ಸಿ. ಕೆಳಗೆ ಕಳೆಯುವವರಿಗೆ ಹೊರಗಿನ ಹವೆ ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ ನಮ್ಮ ಕಡೆ ಹೆಣ್ಣುಮಕ್ಕಳ ದಿನಬಳಕೆಯ ಮೇಲುಡುಪಿಗೆ ಭಾರಿ ಚಳಿ ತಡೆಯುವ ಕೆಲಸ ಇಲ್ಲ. ದಿನಕ್ಕೆ ನಾಲ್ಕಾರು ಸಲ ಹಾಕಿ ತೆಗೆಯಲು ಬರಬೇಕು, ಅಷ್ಟೇ. ತಲೆಯ ಮೇಲಿಂದ ಎಳೆದುಕೊಳ್ಳುವ ಸ್ವೆಟ್‌ಶರ್ಟ್ ಸೋಲುವುದು ಇಲ್ಲಿಯೇ. ಮುಡಿದ ಮಲ್ಲಿಗೆ, ಜುಮುಕಿ, ಕನ್ನಡಕ, ಬಿಂದಿ, ಕ್ಲಿಪ್ಪು ಎಲ್ಲವನ್ನೂ ದಾಟಿಸಿ ಅದನ್ನು ತೆಗೆಯುವಷ್ಟರಲ್ಲಿ ಮತ್ತೊಮ್ಮೆ ತಲೆ ಬಾಚಬೇಕಾಗುತ್ತದೆ. ಮುಂದೆ ಉದ್ದಕ್ಕೂ ಜಿಪ್ಪಿರುವುದು ಬೇಕು ಅನ್ನುವುದರಲ್ಲಿ ಹಾಗಾಗಿ ಚರ್ಚೆಯೇ ಇಲ್ಲ. ಯಾವ ಬಟ್ಟೆಯದು, ಯಾವ ಅಂಚಿನದು ಅನ್ನುವುದೇ ಪ್ರಶ್ನೆ.

ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ದಕ್ಷಿಣ ಕರ್ನಾಟಕದ ಬಯಲು ಸೀಮೆಯಲ್ಲಿ ಇರುವವರು, ಸ್ಕೂಟರ್ ಓಡಿಸದವರು ಒಂದೇ ಒಂದನ್ನು ಕೊಳ್ಳುವುದಾದರೆ, ಟೋಪಿ ಇಲ್ಲದ, ಕೆಳ ಅಂಚು ನೇರವಾಗಿರುವ, ಮಧ್ಯಮ ದಪ್ಪದ ಹತ್ತಿಯ ಜಿಪ್ ಜಾಕೆಟ್ ಕೊಳ್ಳಿ. ಸ್ಕೂಟರ್ ಓಡಿಸುವವರು ಮೊದಲು ತೆಳು ವಿಂಡ್‌ಚೀಟರ್ (ಗಾಳಿ ತಡೆಯುವ ನೈಲಾನ್ ಜಾಕೆಟ್) ಕೊಂಡು, ಮಿಕ್ಕಿದ್ದನ್ನು ಆಮೇಲೆ ನೋಡಲಿ. ಮಡಿಕೇರಿ, ಮೂಡಿಗೆರೆ, ಬೀದರ್ ಕಡೆಯವರಿಗೆ ಮತ್ತು ರಾತ್ರಿ ಬಸ್ಸಿನಲ್ಲಿ ಆಗಾಗ ಓಡಾಡುವವರಿಗೆ ಫ್ಲೀಸ್, ಅಂದರೆ ನವಿರೆಬ್ಬಿಸಿದ ಮೆತ್ತನೆಯ ಪಾಲಿಯೆಸ್ಟರ್ ಬಟ್ಟೆಯ ಜಾಕೆಟ್. ಕರಾವಳಿಯವರಿಗೆ ಆಫೀಸಿನ ಎ.ಸಿ. ಬಿಟ್ಟರೆ ಇದ್ಯಾವುದರ ಹಂಗೂ ಇಲ್ಲ. ಮಂಗಳೂರಿನಲ್ಲಿ ಜನವರಿಯ ರಾತ್ರಿಯೂ 20 ಡಿಗ್ರಿಯ ಮೇಲೆಯೇ ಇರುವುದು ರೂಢಿ.

ಒಳಗೆ ಏನು ಉಡುತ್ತೀರಿ?

ಅಂಗಡಿಯ ಫೋಟೊಗಳಲ್ಲಿ ಜಿಪ್ ಜಾಕೆಟ್ ಯಾವಾಗಲೂ ಟೀ ಶರ್ಟು, ಜೀನ್ಸಿನ ಮೇಲೆ ಇರುತ್ತದೆ. ನಮ್ಮಲ್ಲಿ ಅದು ಹೆಚ್ಚಾಗಿ ಕುರ್ತಾದ ಮೇಲೆ ಬರುತ್ತದೆ, ಇಲ್ಲವೇ ಸೀರೆಯ ಮೇಲೆ. ಕೊಂಡು ತಂದದ್ದು ಬೀರುವಿನಲ್ಲೇ ಉಳಿಯಲು ಅರ್ಧ ಕಾರಣ ಇದೇ.

ಕುರ್ತಾ ಹಾಕುವವರಿಗೆ ಮುಖ್ಯವಾಗುವುದು ಕೆಳಗಿನ ಅಂಚು. ಸಾಮಾನ್ಯ ಹೂಡಿಯ (ಟೋಪಿಯಿರುವ ಹೆಣಿಗೆ ಬಟ್ಟೆಯ ಜಾಕೆಟ್) ಸೊಂಟದ ಬಳಿ ಎಳೆದರೆ ಹಿಗ್ಗುವ ರಿಬ್ ಪಟ್ಟಿ ಇರುತ್ತದೆ. ಅದು ಕುರ್ತಾವನ್ನು ಸೊಂಟದಲ್ಲಿ ಹಿಡಿದು, ಕೆಳಗಿನ ಭಾಗವನ್ನು ಲಂಗದ ಹಾಗೆ ಅರಳಿಸುತ್ತದೆ. ಕೂತು ಎದ್ದಾಗಲೆಲ್ಲ ಪಟ್ಟಿ ಮೇಲಕ್ಕೆ ಏರಿ ಹೊಟ್ಟೆಯ ಮೇಲೆ ಬಟ್ಟೆ ಗುಡ್ಡೆಯಾಗುತ್ತದೆ. ರಿಬ್ ಇಲ್ಲದ, ನೇರವಾಗಿ ಮಡಚಿ ಹೊಲಿದ ಅಂಚು, ಪಕ್ಕದಲ್ಲಿ ಸಣ್ಣ ಸೀಳು, ಉದ್ದ ಪೃಷ್ಠ ಮುಚ್ಚುವಷ್ಟು ಅಥವಾ ಸೊಂಟದ ಮೂಳೆಯವರೆಗೆ ಮಾತ್ರ: ಕುರ್ತಾಕ್ಕೆ ಒಪ್ಪುವುದು ಇಂಥದ್ದು. ಎರಡರ ನಡುವಿನ ಉದ್ದ ಯಾರಿಗೂ ಚೆಂದ ಕಾಣಿಸಿದ್ದನ್ನು ನಾನು ನೋಡಿಲ್ಲ. ಕೆಳಗಿನಿಂದಲೂ ತೆರೆಯುವ, ಎರಡು ರನ್ನರಿನ (ಹಲ್ಲುಗಳ ಮೇಲೆ ಓಡುವ ತುಂಡು) ಜಿಪ್ಪು ಸಿಕ್ಕರೆ ಬಿಡಬೇಡಿ. ಸ್ಕೂಟರಿನಲ್ಲಿ, ಬಸ್ಸಿನಲ್ಲಿ ಕೂರುವಾಗ ಕೆಳಗಡೆ ಒಂದು ಗೇಣು ಬಿಚ್ಚಿಕೊಂಡರೆ ಎಳೆತವೇ ಇರುವುದಿಲ್ಲ.

ಸೀರೆಯ ಲೆಕ್ಕ ಬೇರೆ. ಭುಜದ ಮೇಲೆ ನೆರಿಗೆ ಹಿಡಿದು ಪಿನ್ನು ಹಾಕಿದ ಸೆರಗು ಇರುವುದರಿಂದ ಎಡಗಡೆಯ ತೋಳಿನ ಬುಡ ಬಲಗಡೆಗಿಂತ ದಪ್ಪ. ತೋಳಿನ ಕುಣಿ ಬಿಗಿಯಾಗಿರುವ ಜಾಕೆಟ್ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಪಿನ್ನಿನ ಮೊನೆಗೆ ಹೆಣಿಗೆಯ ಬಟ್ಟೆ ಸಿಕ್ಕಿ ಎಳೆ ಬರುವುದೂ ಅಲ್ಲಿಯೇ. ಶಿಕ್ಷಕಿಯರು, ಬ್ಯಾಂಕಿನವರು ಮಾಡುವಂತೆ ಸೆರಗನ್ನು ಒಳಗೆ ಬಿಟ್ಟು ಮೇಲೆ ಸ್ವೆಟರ್ ಹಾಕುವುದಾದರೆ, ಕೊರಳು ವಿ ಆಕಾರದಲ್ಲಿದ್ದು ಜಿಪ್ಪು ಎದೆಯ ಕೆಳಗಿನಿಂದ ಶುರುವಾಗುವಂಥದ್ದು ಹಿತ. ಕತ್ತಿನವರೆಗೂ ಏರುವ ಜಿಪ್ಪು ಮಾಂಗಲ್ಯದ ಸರವನ್ನು, ಸೆರಗಿನ ಜರಿಯನ್ನು ಕಚ್ಚುತ್ತದೆ. ಮಣಿಕಟ್ಟಿನಲ್ಲಿ ವೆಲ್ಕ್ರೊ ಪಟ್ಟಿ ಇರುವ ಜಾಕೆಟ್ಟನ್ನು ಸೀರೆ ಉಡುವವರು ದೂರದಿಂದಲೇ ಕೈಮುಗಿದು ಬಿಟ್ಟುಬಿಡುವುದು ಒಳ್ಳೆಯದು. ಮೈಸೂರು ಸಿಲ್ಕಾಗಲಿ, ಕ್ರೇಪಾಗಲಿ, ವೇಲಿನ ಶಿಫಾನಾಗಲಿ, ಒಂದು ಸಲ ತಾಗಿದರೆ ಎಳೆ ಎದ್ದಂತೆಯೇ.

ಒಳಗೆ ಅರ್ಧ ತೋಳಿನ ರವಿಕೆ ಅಥವಾ ಕುರ್ತಾ ಇದ್ದರೆ ಜಾಕೆಟ್ಟಿನ ತೋಳಿನೊಳಗೆ ಜಾರುವ ಅಸ್ತರು ಇದೆಯೇ ನೋಡಿ. ಇಲ್ಲದಿದ್ದರೆ ಒಳಗಿನ ತೋಳು ಮೊಣಕೈವರೆಗೆ ಸುತ್ತಿಕೊಂಡು ಏರಿ ಕೂರುತ್ತದೆ, ದಿನವಿಡೀ ಅದನ್ನು ಎಳೆಯುವುದೇ ಕೆಲಸವಾಗುತ್ತದೆ.

ಹತ್ತಿಯ ಹೂಡಿ ಮತ್ತು ಅದರ ಬಂಧುಗಳು

ಹೂಡಿ, ಸ್ವೆಟ್ ಜಾಕೆಟ್, ಟ್ರ್ಯಾಕ್ ಜಾಕೆಟ್ ಎಲ್ಲ ಒಂದೇ ಕುಟುಂಬದವು. ತಿರುಪ್ಪೂರಿನ ಹೆಣಿಗೆ ಕಾರ್ಖಾನೆಗಳಿಂದ ರಾಶಿ ರಾಶಿ ಬರುವ ಮಾಲು. ಇವುಗಳಲ್ಲಿ ಬಟ್ಟೆಯನ್ನು ಅಳೆಯುವುದು ಜಿ.ಎಸ್.ಎಂ. ಲೆಕ್ಕದಲ್ಲಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದು ಅದು. ಟೀ ಶರ್ಟು ಸುಮಾರು 160–180, ಹೂಡಿ 240ರಿಂದ 320ರವರೆಗೆ. ಆನ್‌ಲೈನಿನಲ್ಲಿ ಕೊಳ್ಳುವಾಗ ಈ ಅಂಕಿ ಬರೆದಿದ್ದರೆ ಅದನ್ನೇ ಮೊದಲು ನೋಡಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ದಾವಣಗೆರೆಗೆ 240–260 ಸಾಕು. 300 ದಾಟಿದ್ದು ಡಿಸೆಂಬರಿನ ಎರಡು ವಾರ ಸುಖ ಕೊಟ್ಟು, ಮಿಕ್ಕ ಐವತ್ತು ವಾರ ಜಾಗ ತಿನ್ನುತ್ತದೆ.

ಇನ್ನೊಂದು ಭೇದ ಒಳಮೈಯದು. ಬಟ್ಟೆಯನ್ನು ತಿರುಗಿಸಿ ನೋಡಿದರೆ ಕೆಲವಕ್ಕೆ ಟವೆಲಿನಂತೆ ಸಣ್ಣ ಸಣ್ಣ ಕುಣಿಕೆಗಳಿರುತ್ತವೆ, ಇದನ್ನು ಲೂಪ್ ನಿಟ್ ಅಥವಾ ಫ್ರೆಂಚ್ ಟೆರ್ರಿ ಅನ್ನುತ್ತಾರೆ. ಕೆಲವಕ್ಕೆ ಆ ಕುಣಿಕೆಗಳನ್ನೇ ಉಜ್ಜಿ ಎಬ್ಬಿಸಿದ ಮೆತ್ತನೆಯ ನವಿರು ಇರುತ್ತದೆ. ಉಜ್ಜಿದ್ದು ಅಂಗಡಿಯಲ್ಲಿ ಕೈಯಿಟ್ಟಾಗ ಸೋಲಿಸುತ್ತದೆ. ಆದರೆ ಅದು ಬೆಚ್ಚಗೆ ಜಾಸ್ತಿ, ಮಧ್ಯಾಹ್ನಕ್ಕೆ ಬೆವರಿಸುತ್ತದೆ. ಮೊದಲ ಕೆಲವು ಒಗೆತಗಳಲ್ಲಿ ಒಳಗಿನ ಕಪ್ಪು ಕುರ್ತಾಕ್ಕೆಲ್ಲ ಬಿಳಿ ತುಪ್ಪಳ ಅಂಟಿಸುತ್ತದೆ. ಕುಣಿಕೆಯದು ಗಾಳಿಯಾಡುತ್ತದೆ, ಒಗೆದಷ್ಟೂ ಹದವಾಗುತ್ತದೆ. ನಮ್ಮ ಹವೆಗೆ ಕುಣಿಕೆಯದೇ ಸರಿ.

ಹತ್ತಿಯ ದೌರ್ಬಲ್ಯ ನೀರು. ಮಳೆಗೆ ಒದ್ದೆಯಾದರೆ ಭಾರವಾಗಿ ಮೈಗೆ ಅಂಟಿ, ಇನ್ನಷ್ಟು ಚಳಿ ಹಿಡಿಸುತ್ತದೆ. ಸಕಲೇಶಪುರದಲ್ಲೋ ಆಗುಂಬೆಯಲ್ಲೋ ಜುಲೈ ತಿಂಗಳಿನಲ್ಲಿ ಒಗೆದ ಹೂಡಿ ಒಣಗುವುದಕ್ಕೆ ಕಾಯುತ್ತಾ ಕೂತರೆ ವಾರವೇ ಕಳೆಯಬಹುದು. ಟೋಪಿ, ಜೇಬು, ರಿಬ್ ಪಟ್ಟಿ ಇವೆಲ್ಲ ದುಪ್ಪಟ್ಟು ದಪ್ಪವಾದ್ದರಿಂದ ಮೈ ಒಣಗಿದರೂ ಅವು ಹಸಿಯಾಗಿಯೇ ಉಳಿದು ಮುಗ್ಗಲು ವಾಸನೆ ಹಿಡಿಯುತ್ತವೆ. ಮಲೆನಾಡಿನವರು ಮಳೆಗಾಲಕ್ಕೆ ಹತ್ತಿ ಹೂಡಿಯನ್ನು ನೆಚ್ಚದಿರುವುದು ವಾಸಿ.

ಟೋಪಿಯ ವಿಷಯ. ಕಾಲೇಜಿನ ಹುಡುಗಿಯರಿಗೆ ಅದೇ ಅಂದ, ಒಪ್ಪೋಣ. ಆದರೆ ನಮ್ಮ ರಾಜ್ಯದಲ್ಲಿ ಸ್ಕೂಟರಿನ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಟೋಪಿಯನ್ನು ಹೆಲ್ಮೆಟ್ಟಿನ ಒಳಗೆ ತುರುಕಿದರೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ಹೊರಗೆ ಬಿಟ್ಟರೆ ಗಾಳಿ ತುಂಬಿಕೊಂಡು ಕತ್ತನ್ನು ಹಿಂದಕ್ಕೆ ಎಳೆಯುತ್ತದೆ, ಮಳೆ ಬಂದರೆ ನೀರು ಹಿಡಿಯುವ ಚೀಲವಾಗುತ್ತದೆ. ಆಫೀಸಿನಲ್ಲಿ ಕುರ್ಚಿಗೆ ಒರಗಿದಾಗ ಕತ್ತಿನ ಹಿಂದೆ ಒಂದು ಗಂಟು. ಬೇಕೇ ಬೇಕೆಂದರೆ ಜಿಪ್ಪಿನಿಂದಲೋ ಗುಂಡಿಯಿಂದಲೋ ಬೇರ್ಪಡಿಸಲು ಬರುವ ಟೋಪಿ ಇರಲಿ. ದಾರವನ್ನಂತೂ ಮನೆಗೆ ತಂದ ದಿನವೇ ಎಳೆದು ತೆಗೆಯಿರಿ; ಗ್ಯಾಸ್ ಒಲೆಯ ಮುಂದೆ ಬಗ್ಗಿದಾಗ ಅದು ತೂಗಾಡುವುದು ನೋಡಿದರೆ ಎದೆ ಝಲ್ಲೆನ್ನುತ್ತದೆ.

ಫ್ಲೀಸ್

ಹಗುರ, ಬೆಚ್ಚಗೆ, ಬೇಗ ಒಣಗುತ್ತದೆ. ಇದು ಪೂರ್ತಿ ಪಾಲಿಯೆಸ್ಟರ್. 1980ರ ಆಸುಪಾಸಿನಲ್ಲಿ ಅಮೆರಿಕದ ಮಾಲ್ಡನ್ ಮಿಲ್ಸ್ ಎಂಬ ಗಿರಣಿ ರೂಪಿಸಿದ ಬಟ್ಟೆ. ಹತ್ತಿ ತನ್ನ ತೂಕದ ಶೇ 7–8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿಕೊಂಡಿರುತ್ತದೆ, ಪಾಲಿಯೆಸ್ಟರ್ ಶೇ 1ನ್ನೂ ಮುಟ್ಟುವುದಿಲ್ಲ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಇದಕ್ಕೆ ಬೆಲೆ ಬರುವುದು ಈ ಗುಣಕ್ಕೇ. ಬೀದರ್, ವಿಜಯಪುರದ ಕಡೆ ಚಳಿಗಾಲದ ರಾತ್ರಿ 10 ಡಿಗ್ರಿಯ ಹತ್ತಿರಕ್ಕೆ ಇಳಿಯುವ ದಿನಗಳಿರುತ್ತವೆ. ಅಲ್ಲಿಯೂ ಬೆಳಿಗ್ಗೆ ಹಾಲು ತರುವುದಕ್ಕೆ, ವಾಕಿಂಗಿಗೆ ಇದೇ ಸಾಕು.

ಫ್ಲೀಸಿನಲ್ಲಿ 100, 200, 300 ಎಂಬ ದರ್ಜೆಗಳಿವೆ, ಇವೂ ಹೆಚ್ಚುಕಡಿಮೆ ಜಿ.ಎಸ್.ಎಂ. ಅಂಕಿಗಳೇ. ನಮಗೆ 100 ಸಾಕು, ಗುಡ್ಡಗಾಡಿನವರಿಗೆ 200. ಸ್ಲೀಪರ್ ಬಸ್ಸಿನ ಎ.ಸಿ. ಅಡಿಯಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವವರಿಗೂ 200ರದ್ದೇ ಹಿತ. ಮಡಚಿದರೆ ದಿಂಬಾಗುತ್ತದೆ, ಸುಕ್ಕಾಗುವುದಿಲ್ಲ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಮಗಳ ಬಾಣಂತನಕ್ಕೆ ಹೊರಟ ಅಮ್ಮಂದಿರು ಇಲ್ಲಿಂದ ದಪ್ಪ ಕೋಟು ಹೊತ್ತೊಯ್ಯುವುದಕ್ಕಿಂತ ಎರಡು ಫ್ಲೀಸ್ ಒಯ್ಯುವುದು ಜಾಣತನ. ಅಲ್ಲಿ ಮನೆಯೊಳಗೆಲ್ಲ ಹೀಟರ್ ಇರುತ್ತದೆ, ಹೊರಗೆ ಹೋಗುವಾಗ ಮೇಲೆ ಹಾಕುವ ಕೋಟನ್ನು ಅಲ್ಲಿಯೇ ಕೊಂಡರಾಯಿತು.

ಇನ್ನು ದೋಷಗಳು. ಫ್ಲೀಸಿಗೆ ಗಾಳಿ ತಡೆಯುವ ಶಕ್ತಿ ಇಲ್ಲವೇ ಇಲ್ಲ. ನಿಂತಲ್ಲಿ ಬೆಚ್ಚಗಿರುವ ಅದೇ ಜಾಕೆಟ್ ಸ್ಕೂಟರ್ ಹತ್ತಿದ ಕೂಡಲೇ ಇದ್ದೂ ಇಲ್ಲದಂತಾಗುತ್ತದೆ. ಅಗ್ಗದ್ದಾದರೆ ತಿಂಗಳೊಪ್ಪತ್ತಿನಲ್ಲಿ ಕಂಕುಳ ಬಳಿ, ಬ್ಯಾಗಿನ ಪಟ್ಟಿ ಉಜ್ಜುವಲ್ಲಿ ನೂಲಿನ ಉಂಡೆಗಳೇಳುತ್ತವೆ. ಒಣ ಹವೆಯಲ್ಲಿ ಪಾಲಿಯೆಸ್ಟರ್ ಸೀರೆಯ ಮೇಲೆ ಹಾಕಿದರೆ ಚಟಚಟ ಕಿಡಿ, ಕೂದಲೆಲ್ಲ ನಿಮಿರಿ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೆಂಕಿಯ ಹತ್ತಿರ ಇದು ಅಪಾಯ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಮನೆಗಳಲ್ಲಿ ಫ್ಲೀಸನ್ನು ಅಲ್ಲಿ ಹಾಕಬೇಡಿ, ಹಾಕಿಕೊಂಡು ಒಲೆ ಮುಂದೆ ಕೂರಲೂಬೇಡಿ. ಪಾಲಿಯೆಸ್ಟರ್, ನೈಲಾನ್ ಎರಡೂ ಹತ್ತಿಯಂತೆ ಬೂದಿಯಾಗುವುದಿಲ್ಲ. ಕರಗಿ ಚರ್ಮಕ್ಕೆ ಅಂಟುತ್ತವೆ.

ವಿಂಡ್‌ಚೀಟರ್

ಸ್ಕೂಟರಿನವರು ಮೊದಲು ಇದನ್ನು ಕೊಳ್ಳಬೇಕೆಂದು ನಾನು ಹೇಳಲು ಕಾರಣ ಸರಳ: ಬೆಳಿಗ್ಗೆ ಗಾಡಿಯಲ್ಲಿ ನಡುಗಿಸುವುದು ಹವೆಯ ತಣ್ಪಲ್ಲ, ಎದೆಗೆ ಹೊಡೆಯುವ ಗಾಳಿ. ಮೈಯ ಸುತ್ತ ಬೆಚ್ಚಗಾಗಿ ನಿಂತ ಗಾಳಿಯನ್ನು ಅದು ಸತತವಾಗಿ ಕಿತ್ತೊಯ್ಯುತ್ತದೆ. ಅಂಗೈಯಗಲ ಮಡಚಬಹುದಾದ ತೆಳು ನೈಲಾನ್ ಜಾಕೆಟ್ಟೊಂದು 300 ಜಿ.ಎಸ್.ಎಂ. ಹೂಡಿಗಿಂತ ಗಾಡಿಯ ಮೇಲೆ ಹೆಚ್ಚು ಬೆಚ್ಚಗಿಡುತ್ತದೆ. ಡಿಕ್ಕಿಯಲ್ಲಿ ವರ್ಷವಿಡೀ ಬಿದ್ದಿದ್ದರೂ ಜಾಗ ಕೇಳುವುದಿಲ್ಲ.

ಆದರೆ ವಿಂಡ್‌ಚೀಟರ್ ಎಂದರೆ ಮಳೆಕೋಟಲ್ಲ. ಹನಿ ನೀರು ಜಾರಿಹೋಗುವಂತೆ ಮೇಲೆ ಲೇಪ ಕೊಟ್ಟಿರುತ್ತಾರೆ, ಅಷ್ಟೇ. ಚೀಟಿಯ ಮೇಲೆ 1,500 ಮಿ.ಮೀ., 5,000 ಮಿ.ಮೀ. ಎಂದೇನಾದರೂ ಇದ್ದರೆ, ಅಷ್ಟೆತ್ತರದ ನೀರಿನ ಕಂಬದ ಒತ್ತಡವನ್ನು ಬಟ್ಟೆ ತಡೆಯುತ್ತದೆ ಎಂದರ್ಥ. 1,500 ತುಂತುರಿಗೆ ಸಾಕು. ಸಂಜೆ ಆರರ ಬೆಂಗಳೂರು ಮಳೆಗೆ 5,000ಕ್ಕಿಂತ ಕಡಿಮೆಯದು ನಿಲ್ಲುವುದಿಲ್ಲ. ಅದಕ್ಕಿಂತ ಮುಖ್ಯ, ಹೊಲಿಗೆಯ ಒಳಗಡೆ ಟೇಪು ಅಂಟಿಸಿದೆಯೇ ನೋಡಿ. ಟೇಪಿಲ್ಲದಿದ್ದರೆ ಬಟ್ಟೆ ಎಷ್ಟೇ ಗಟ್ಟಿಯಿದ್ದರೂ ಸೂಜಿಯ ತೂತುಗಳಿಂದ, ಜಿಪ್ಪಿನಿಂದ ನೀರು ಒಳಗೆ ಬಂದೇ ಬರುತ್ತದೆ.

ಗಾಳಿ ಒಳಗೆ ಬಾರದ್ದಕ್ಕೆ ಬೆವರೂ ಹೊರಗೆ ಹೋಗದು. ಬೆನ್ನಿನಲ್ಲಿ ಜಾಲರಿ ಅಸ್ತರು, ಕಂಕುಳಲ್ಲಿ ಸಣ್ಣ ತೂತುಗಳು ಇರುವಂಥದ್ದನ್ನು ಆರಿಸಿ. ಬೆಳಿಗ್ಗೆ ಬೇಗ ಹೊರಡುವವರು, ರಾತ್ರಿ ಪಾಳಿಯವರು ಬೆನ್ನಿನಲ್ಲಿ ಬೆಳಕಿಗೆ ಹೊಳೆಯುವ ಪಟ್ಟಿ ಇರುವುದನ್ನು ಕೊಳ್ಳಿ. ಕಪ್ಪು ಜಾಕೆಟ್ ಹಾಕಿ ಹೆದ್ದಾರಿಗೆ ಇಳಿಯುವುದು ಯಾರಿಗೂ ಕ್ಷೇಮವಲ್ಲ. ಮತ್ತೊಂದು ಮಾತು. ಒಳಗೆ ಹಾಕಿದ ವೇಲನ್ನು ಜಾಕೆಟ್ಟಿನೊಳಗೇ ಸೇರಿಸಿ ಜಿಪ್ಪು ಎಳೆದುಕೊಳ್ಳಬಹುದು ಎನ್ನುವುದೇ ಗಾಡಿಯವರಿಗೆ ಜಿಪ್ಪಿನ ದೊಡ್ಡ ಉಪಕಾರ. ಚಕ್ರಕ್ಕೆ ವೇಲು, ಸೆರಗು ಸಿಕ್ಕಿ ಆಗುವ ಅನಾಹುತಗಳನ್ನು ಕೇಳದ ಊರಿಲ್ಲ.

ಕರಾವಳಿಯವರಿಗೆ ಎಚ್ಚರಿಕೆ: ಪಿ.ಯು. (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಲೇಪದ ಜಾಕೆಟ್ ಸೆಖೆ, ತೇವದ ಬೀರುವಿನಲ್ಲಿ ಕೆಲವು ವರ್ಷ ಕೂತರೆ ಒಳಮೈ ಅಂಟಂಟಾಗಿ ಪದರ ಪದರ ಉದುರುತ್ತದೆ. ಹಾಕಿಕೊಳ್ಳದೆ ಕಾಪಾಡಿದರೂ ಹಾಳಾಗುವ ವಸ್ತು ಅದು. ಚರ್ಮದಂತೆ ಕಾಣುವ ಅಗ್ಗದ ಬೈಕರ್ ಜಾಕೆಟ್ಟುಗಳದ್ದೂ ಇದೇ ಗತಿ. ಫೋಟೊಗೆ ಚೆಂದ, ಮೂರನೆಯ ಮಳೆಗಾಲಕ್ಕೆ ಕೊರಳಪಟ್ಟಿ ಸಿಪ್ಪೆ ಸುಲಿಯುತ್ತದೆ.

ಜಿಪ್ಪಿನ ಸ್ವೆಟರ್

ಹೆಣೆದ ಸ್ವೆಟರಿಗೆ ಗುಂಡಿಯ ಬದಲು ಜಿಪ್ಪು. ಸೀರೆಗೆ ಇದಕ್ಕಿಂತ ಒಪ್ಪುವುದು ಬೇರೆಯಿಲ್ಲ. ಚಳಿಗಾಲ ಬಂತೆಂದರೆ ನಮ್ಮ ಊರುಗಳಲ್ಲಿ ಟಿಬೆಟಿನವರ ಸ್ವೆಟರ್ ಅಂಗಡಿಗಳು ಏಳುತ್ತವೆ. ಬೈಲಕುಪ್ಪೆ, ಮುಂಡಗೋಡಿನಲ್ಲಿ 1960ರ ದಶಕದಿಂದ ನೆಲೆ ಕಂಡವರಿಗೆ ಈ ವ್ಯಾಪಾರ ಬಹುಕಾಲದ ಜೀವನಾಧಾರ. ಮಾಲು ಬಹುಪಾಲು ಲೂಧಿಯಾನದ್ದು. ಅಲ್ಲಿ ಉಣ್ಣೆ ಎಂದು ಕೇಳಿದರೆ ಕೊಡುವುದು ಹೆಚ್ಚಾಗಿ ಅಕ್ರಿಲಿಕ್ ಎಂಬ ಕೃತಕ ನೂಲಿನದು ಅಥವಾ ಮಿಶ್ರಣ. ಅದರಲ್ಲಿ ಮೋಸವೇನಿಲ್ಲ, ಆ ಬೆಲೆಗೆ ಶುದ್ಧ ಉಣ್ಣೆ ಸಿಗುವುದೂ ಇಲ್ಲ, ನಮ್ಮ ಹವೆಗೆ ಬೇಕಾಗುವುದೂ ಇಲ್ಲ. ಅನುಮಾನವಿದ್ದರೆ ಒಳಹೊಲಿಗೆಯ ಒಂದೆಳೆ ಕಿತ್ತು, ಮನೆಯಲ್ಲಿ ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುವ ಬೂದಿ ಉಳಿಯುತ್ತದೆ. ಅಕ್ರಿಲಿಕ್ಕಾದರೆ ಗಟ್ಟಿ ಕರಿ ಮಣಿ.

ಹೆಣಿಗೆಗೆ ಜಿಪ್ಪು ಸ್ವಭಾವತಃ ಹೊಂದುವುದಿಲ್ಲ ಎನ್ನುವುದೂ ಗೊತ್ತಿರಲಿ. ಹೆಣಿಗೆ ಹಿಗ್ಗುತ್ತದೆ, ಜಿಪ್ಪಿನ ಪಟ್ಟಿ ಹಿಗ್ಗುವುದಿಲ್ಲ. ಮುಂಭಾಗದಲ್ಲಿ ಜಿಪ್ಪಿನ ಹಿಂದೆ ಗಟ್ಟಿ ನೇಯ್ಗೆಯ ರಿಬ್ಬನ್ನು ಕೊಟ್ಟು ಹೊಲಿದಿದ್ದರೆ ಮಾತ್ರ ತೆಗೆದುಕೊಳ್ಳಿ.

ಪಫರ್ ಜಾಕೆಟ್, ಅಂದರೆ ಹತ್ತಿ ತುಂಬಿದಂತೆ ಉಬ್ಬುಬ್ಬು ಇರುವುದು, ಹಿಮಾಲಯಕ್ಕೆ ಚಾರಣ ಹೋಗುವವರಿಗೆ ಸರಿ. ಬೆಂಗಳೂರಿನಲ್ಲಿ ಅದು ವೇಷ. ತೋಳಿಲ್ಲದ ಪಫರ್ ಮಾತ್ರ ಎ.ಸಿ. ಆಫೀಸಿಗೆ ನಿಜವಾಗಿ ಉಪಯುಕ್ತ, ಎದೆ ಬೆನ್ನು ಬೆಚ್ಚಗೆ, ಕೀಬೋರ್ಡಿಗೆ ಕೈ ಬಿಡುವು. ಡೆನಿಮ್ ಜಿಪ್ ಜಾಕೆಟ್ಟಿಗೆ ಗಾಳಿಯನ್ನು ತಕ್ಕಮಟ್ಟಿಗೆ ತಡೆಯುವ ಗುಣವಿದೆ. ಭಾರ ಮಾತ್ರ ಜಾಸ್ತಿ.

ಎ.ಸಿ.ಯ ಚಳಿ ಮತ್ತು ಬಿಸಿಲು

ಆಫೀಸಿನಲ್ಲಿ ಗಂಡಸರು ಅರ್ಧ ತೋಳಿನ ಶರ್ಟಿನಲ್ಲಿ ಹಾಯಾಗಿರುವಾಗ ಹೆಂಗಸರು ಶಾಲು ಹೊದ್ದು ಕೂರುವುದು ಬರೀ ನಾಜೂಕಲ್ಲ. ಕಟ್ಟಡಗಳ ತಂಪಿನ ಮಟ್ಟ ನಿಗದಿಪಡಿಸುವ ಸೂತ್ರಗಳು 1960ರ ದಶಕದಲ್ಲಿ ನಡುವಯಸ್ಸಿನ ಗಂಡಸಿನ ದೇಹ ಹೊರಸೂಸುವ ಶಾಖದ ಲೆಕ್ಕದ ಮೇಲೆ ನಿಂತಿವೆ. ಅವು ಹೆಂಗಸರ ದೇಹದ ಶಾಖವನ್ನು ಶೇ 35ರವರೆಗೂ ಹೆಚ್ಚಾಗಿ ಎಣಿಸುತ್ತವೆ ಎಂದು 2015ರಲ್ಲಿ ನೆದರ್ಲೆಂಡ್ಸಿನ ಇಬ್ಬರು ಸಂಶೋಧಕರು ‘ನೇಚರ್ ಕ್ಲೈಮೇಟ್ ಚೇಂಜ್’ ಪತ್ರಿಕೆಯಲ್ಲಿ ತೋರಿಸಿದರು. ಆಫೀಸಿನ ಕುರ್ಚಿಗೆ ನೇತುಹಾಕಲೆಂದೇ ಒಂದನ್ನು ಕೊಳ್ಳುವುದಾದರೆ ಫ್ರೆಂಚ್ ಟೆರ್ರಿಯದೋ ತೆಳು ಸ್ವೆಟರೋ ಇರಲಿ, ಮಾಸಲು ನೀಲಿ, ಬೂದು, ಮೆರೂನಿನಂಥ ಎಲ್ಲ ಕುರ್ತಾಕ್ಕೂ ಹೋಗುವ ಬಣ್ಣ. ವಿಂಡ್‌ಚೀಟರ್ ಬೇಡ. ಮೀಟಿಂಗಿನಲ್ಲಿ ಕೈ ಆಡಿಸಿದರೆ ಸಾಕು, ಪರಪರ ಸದ್ದು ಮಾಡುತ್ತದೆ.

ಕಲಬುರಗಿ, ರಾಯಚೂರು, ಬಳ್ಳಾರಿಯ ಓದುಗರು ಇದನ್ನೆಲ್ಲ ಓದಿ ನಗುತ್ತಿರಬಹುದು. ಏಪ್ರಿಲಿನಲ್ಲಿ 40 ದಾಟುವ ಊರಿನಲ್ಲಿ ಗಾಡಿಯ ಮೇಲೆ ಜಿಪ್ ಜಾಕೆಟ್ ಬೇಕಾಗುವುದು ಬಿಸಿಲಿಗೆ. ಇಲ್ಲಿ ನೋಡಬೇಕಾದ್ದು ಬಟ್ಟೆ ಎಷ್ಟು ಬಿಸಿಲು ತಡೆಯುತ್ತದೆಂದು ಹೇಳುವ ಯು.ಪಿ.ಎಫ್. ಎಂಬ ಅಂಕಿ. ಅದು 50 ಎಂದಿದ್ದರೆ ಸುಡುವ ನೇರಳಾತೀತ ಕಿರಣಗಳ ಐವತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ತೆಳು ಬಿಳಿ ಹತ್ತಿ ಟೀ ಶರ್ಟಿಗೆ ಇದು 5–7ರಷ್ಟೇ. ಅಂದರೆ ತೆಳು ಬಿಳಿ ಕೋಟು ತಂಪೆನಿಸಿದರೂ ಚರ್ಮ ಕಪ್ಪಾಗುವುದನ್ನು ಅಷ್ಟಾಗಿ ತಡೆಯದು. ಒತ್ತಾದ ನೇಯ್ಗೆ, ಸ್ವಲ್ಪ ಗಾಢ ಬಣ್ಣ, ಸಡಿಲ ಅಳತೆ, ಬೆರಳಬುಡದವರೆಗೆ ಬರುವ ತೋಳು ಬೇಕು. ಹೆಬ್ಬೆರಳು ತೂರಿಸುವ ತೂತಿದ್ದರೆ ಕೈಗವಸಿನ ಖರ್ಚೂ ಉಳಿಯಿತು.

ಜಿಪ್ಪನ್ನೇ ನೋಡಿ

ಬಟ್ಟೆ ಹರಿದು ಬಿಸಾಡಿದ ಜಾಕೆಟ್ಟುಗಳಿಗಿಂತ ಜಿಪ್ಪು ಕೆಟ್ಟು ಬಿಸಾಡಿದವೇ ಜಾಸ್ತಿ. ಆದರೂ ಕೊಳ್ಳುವಾಗ ಬಣ್ಣ ನೋಡುವಷ್ಟು ಹೊತ್ತು ಜಿಪ್ಪನ್ನು ಯಾರೂ ನೋಡುವುದಿಲ್ಲ.

ರನ್ನರಿನ ಬೆನ್ನ ಮೇಲೆ 3, 5, 8 ಎಂದು ಸಂಖ್ಯೆ ಕೆತ್ತಿರುವುದುಂಟು. ಅದು ಮುಚ್ಚಿದ ಹಲ್ಲುಗಳ ಅಗಲ, ಹೆಚ್ಚುಕಡಿಮೆ ಮಿಲಿಮೀಟರಿನಲ್ಲಿ. ಜೇಬಿಗೆ 3 ಸರಿ. ಮುಂಭಾಗಕ್ಕೆ 5 ಇರಬೇಕು. ಹೂಡಿಯ ಮುಂದೆ 3ರ ಜಿಪ್ಪು ಹೊಲಿದಿದ್ದರೆ ಅಲ್ಲಿಯೇ ಕಾಸು ಉಳಿಸಿದ್ದಾರೆ ಎಂದು ತಿಳಿಯಿರಿ. ವೈ.ಕೆ.ಕೆ. ಎಂಬ ಮೂರಕ್ಷರ ಕಂಡರೆ ನೆಮ್ಮದಿ. 1934ರಲ್ಲಿ ತದಾವೊ ಯೊಶಿದಾ ಜಪಾನಿನಲ್ಲಿ ಕಟ್ಟಿದ ಕಂಪನಿ ಅದು. ನಕಲಿಯೂ ಧಾರಾಳವಾಗಿ ಇರುವುದರಿಂದ ಅಕ್ಷರ ನೋಡಿದ ಮೇಲೂ ಎಳೆದು ನೋಡುವುದು ತಪ್ಪುವುದಿಲ್ಲ.

ಹಲ್ಲುಗಳಲ್ಲಿ ಮೂರು ಬಗೆ. ನೈಲಾನ್ ಸುರುಳಿಯದು ಮೆತ್ತಗೆ, ಬಟ್ಟೆಯೊಡನೆ ಬಾಗುತ್ತದೆ, ಜರಿಯನ್ನು ಕಡಿಮೆ ಕಚ್ಚುತ್ತದೆ. ನಡುವೆ ಬಾಯಿ ಬಿಟ್ಟರೂ ರನ್ನರನ್ನು ಹಿಂದಕ್ಕೆ ಎಳೆದು ಮತ್ತೆ ಮುಚ್ಚಿದರೆ ಸರಿಹೋಗುವುದೇ ಹೆಚ್ಚು. ಪ್ಲಾಸ್ಟಿಕ್ ಹಲ್ಲಿನದು ನೋಡಲು ದಪ್ಪ, ಗಟ್ಟಿ. ಆದರೆ ಒಂದು ಹಲ್ಲು ಹೋದರೆ ಇಡೀ ಜಿಪ್ಪೇ ಬದಲಾಗಬೇಕು. ಲೋಹದ್ದು ಚೆಂದ, ಭಾರ, ಗಲ್ಲಕ್ಕೆ ತಣ್ಣಗೆ ತಾಗುತ್ತದೆ, ಸಮುದ್ರದ ಉಪ್ಪು ಗಾಳಿಗೆ ಬಿಗಿದುಕೊಳ್ಳುತ್ತದೆ. ದಿನಬಳಕೆಗೆ ನಾನು ಸುರುಳಿಯದನ್ನೇ ಆರಿಸುತ್ತೇನೆ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಜಿಪ್ಪನ್ನು ಅರ್ಧ ಮುಚ್ಚಿ, ಎರಡೂ ಪಕ್ಕ ಹಿಡಿದು ಅಡ್ಡಕ್ಕೆ ಎಳೆಯಿರಿ. ರನ್ನರ್ ತಾನಾಗಿ ಕೆಳಗೆ ಜಾರಿದರೆ ಅದಕ್ಕೆ ಲಾಕ್ ಇಲ್ಲ, ಗಾಡಿಯಲ್ಲಿ ಹೋಗುವಾಗ ಗಾಳಿಗೆ ಬಿಚ್ಚಿಕೊಳ್ಳುತ್ತದೆ. ಕೆಳತುದಿಯ ಪಿನ್ನು ಮತ್ತು ಅದು ಕೂರುವ ಡಬ್ಬಿ ಮೊದಲು ಸಾಯುವ ಜಾಗ. ಆ ತುದಿಯ ಪಟ್ಟಿಗೆ ಗಟ್ಟಿ ಪ್ಲಾಸ್ಟಿಕ್ ಹಾಳೆ ಅಂಟಿಸಿದೆಯೇ ನೋಡಿ, ಐದಾರು ಸಲ ಸಿಕ್ಕಿಸಿ ತೆಗೆಯಿರಿ. ಜಿಪ್ಪಿನ ಒಳಗಡೆ ಉದ್ದಕ್ಕೂ ಬಟ್ಟೆಯ ಪಟ್ಟಿ ಇರಬೇಕು, ಇಲ್ಲದಿದ್ದರೆ ಒಳಗಿನ ಕುರ್ತಾ, ಸರ, ಜಡೆಯ ತುದಿ ಎಲ್ಲ ಹಲ್ಲಿಗೆ ಸಿಗುತ್ತದೆ. ಮೇಲ್ತುದಿಯಲ್ಲಿ ಗಲ್ಲಕ್ಕೆ ತಾಗದಂತೆ ಮಡಿಕೆ ಇದ್ದರೆ ಹೊಲಿದವರು ಯೋಚಿಸಿ ಹೊಲಿದಿದ್ದಾರೆ.

ಮೊದಲ ಒಗೆತದ ನಂತರ ಜಿಪ್ಪು ಅಲೆ ಅಲೆಯಾಗಿ ಏಳುವುದನ್ನು ಕಂಡಿರುತ್ತೀರಿ. ಹತ್ತಿ ಕುಗ್ಗುತ್ತದೆ, ಜಿಪ್ಪಿನ ಪಾಲಿಯೆಸ್ಟರ್ ಪಟ್ಟಿ ಕುಗ್ಗುವುದಿಲ್ಲ, ಹಾಗಾಗಿ ಉಳಿದ ಉದ್ದ ಉಬ್ಬಿ ನಿಲ್ಲುತ್ತದೆ. ಇಸ್ತ್ರಿಯಿಂದ ಹೋಗುವ ದೋಷವಲ್ಲ ಇದು. ಮೊದಲೇ ಕುಗ್ಗಿಸಿದ ಬಟ್ಟೆ ಎಂದು ಬರೆದಿರುವುದನ್ನು ಕೊಳ್ಳುವುದೊಂದೇ ದಾರಿ.

ಅಳತೆ, ಜೇಬು, ಬೆಲೆ

ಎಂ, ಎಲ್ ಅಕ್ಷರಗಳನ್ನು ನಂಬಬೇಡಿ. ಒಳಗೆ ಹಾಕುವ ಕುರ್ತಾದ ಮೇಲೆಯೇ ಎದೆ ಸುತ್ತಳತೆ ತೆಗೆದು, ಅದಕ್ಕೆ ನಾಲ್ಕೈದು ಇಂಚು ಸೇರಿಸಿ, ಜಾಕೆಟ್ಟಿನ ಅಳತೆಗೆ ಹೋಲಿಸಿ. ಗಂಡಸರ ಅಥವಾ ಯುನಿಸೆಕ್ಸ್ ಹೂಡಿ ಅಗ್ಗಕ್ಕೆ ಸಿಗುತ್ತದೆ, ಜೇಬೂ ದೊಡ್ಡದು. ಆದರೆ ಭುಜ ಅಗಲ, ಸೊಂಟದ ಕೆಳಗೆ ಕಿರಿದು. ಎದೆಗೆ ಸರಿಹೋದದ್ದು ಸೊಂಟದಲ್ಲಿ ಜಿಪ್ಪು ಎಳೆಯುತ್ತದೆ. ಹಾಕಿ ನೋಡುವಾಗ ಪೂರ್ತಿ ಜಿಪ್ಪು ಮುಚ್ಚಿ ಕುರ್ಚಿಯಲ್ಲಿ ಕೂತು, ಎರಡೂ ಕೈ ಹ್ಯಾಂಡಲ್ ಹಿಡಿದಂತೆ ಮುಂದೆ ಚಾಚಿ. ಬೆನ್ನು ಬಿಗಿದರೆ, ತೋಳು ಮಣಿಕಟ್ಟಿನಿಂದ ಮೇಲೇರಿದರೆ ಒಂದು ಸೈಜು ದೊಡ್ಡದು.

ಹೆಂಗಸರ ಜಾಕೆಟ್ಟಿನ ಜೇಬುಗಳ ಬಗ್ಗೆ ಒಂದೇ ಮಾತು: ನಿಮ್ಮ ಫೋನನ್ನು ಹಾಕಿ ಜಿಪ್ಪು ಮುಚ್ಚಲು ಬರದಿದ್ದರೆ ಅದನ್ನು ಜೇಬೆಂದು ಕರೆಯಬೇಡಿ. ಕೆಲವು ಕಡೆ ಬರೀ ಹೊಲಿಗೆಯ ಗೆರೆ ಕೊಟ್ಟು ಜೇಬಿನ ನಾಟಕವಾಡಿರುತ್ತಾರೆ.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ನಮ್ಮ ಹೆಣ್ಣುಮಕ್ಕಳೇ ಹೊಲಿದು ಹೊರದೇಶಕ್ಕೆ ಹೋಗುವ ಜಾಕೆಟ್ಟುಗಳ ಮಿಕ್ಕಿದ ಮಾಲು ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಗಳಿಗೆ ಬರುತ್ತದೆ. ಕತ್ತರಿಸಿದ ಲೇಬಲ್ ಇರುತ್ತದೆ, ಬೆಲೆ ಇಳಿದಿರುತ್ತದೆ. ಬಟ್ಟೆ, ಜಿಪ್ಪು ಎರಡೂ ಬ್ರ್ಯಾಂಡ್ ಮಳಿಗೆಯದಕ್ಕೆ ಸಮ. ಏಕೆ ತಿರಸ್ಕೃತವಾಯಿತು ಎಂದು ಬೆಳಕಿನಲ್ಲಿ ಹುಡುಕಬೇಕು, ಅಷ್ಟೇ. ಎರಡು ತೋಳಿನ ಬಣ್ಣದಲ್ಲಿ ಸಣ್ಣ ವ್ಯತ್ಯಾಸವಿದ್ದರೆ ಚಿಂತೆಯಿಲ್ಲ, ಜಿಪ್ಪು ಸೊಟ್ಟಗಿದ್ದರೆ ಬೇಡ. ತೋಳುಗಳು ಪಾಶ್ಚಾತ್ಯರ ಅಳತೆಗೆ ಉದ್ದವಿರುವುದು ಸಾಮಾನ್ಯ.

ಹೊಸದು ಕೊಳ್ಳುವವರಿಗೆ ತೆರಿಗೆಯ ಗೆರೆಯೊಂದಿದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿ.ಎಸ್.ಟಿ. ಶೇ 5, ಅದನ್ನು ದಾಟಿದರೆ ಶೇ 18. ಗೆರೆಯ ಸ್ವಲ್ಪ ಮೇಲಿರುವ ಜಾಕೆಟ್ಟಿಗೆ ನೀವು ಕೊಡುವ ಹೆಚ್ಚುವರಿ ಹಣದಲ್ಲಿ ಬಹುಪಾಲು ತೆರಿಗೆಗೇ ಹೋಗುತ್ತದೆ, ಗುಣಕ್ಕಲ್ಲ.

ಒಗೆತ

ಜಿಪ್ಪು ಮುಚ್ಚಿ, ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ. ತೆರೆದ ಜಿಪ್ಪು ಮಶೀನಿನಲ್ಲಿ ಬೇರೆ ಬಟ್ಟೆಯನ್ನು ಗೀರುತ್ತದೆ, ತನ್ನ ಹಲ್ಲನ್ನೂ ಸೊಟ್ಟ ಮಾಡಿಕೊಳ್ಳುತ್ತದೆ. ವಿಂಡ್‌ಚೀಟರಿಗೆ, ಫ್ಲೀಸಿಗೆ ಕಂಫರ್ಟ್ ಥರದ ಮೃದುಕಾರಕ ಹಾಕಬೇಡಿ. ವಿಂಡ್‌ಚೀಟರಿನ ನೀರು ಜಾರಿಸುವ ಲೇಪವನ್ನು ಅದು ಕೆಡಿಸುತ್ತದೆ. ಸ್ವೆಟರನ್ನು ಹಗ್ಗಕ್ಕೆ ನೇತುಹಾಕದೆ ಚಾಪೆಯ ಮೇಲೆ ಹರಡಿ.

ಜಿಪ್ಪು ಬಿಗಿಯಾದರೆ ಮೇಣದಬತ್ತಿಯನ್ನೋ ಪೆನ್ಸಿಲ್ ಮೊನೆಯನ್ನೋ ಹಲ್ಲಿಗೆ ಉಜ್ಜಿ. ಮುಚ್ಚಿದರೂ ಹಿಂದೆ ಬಾಯಿ ಬಿಡುತ್ತಿದ್ದರೆ ಸವೆದಿರುವುದು ಹಲ್ಲಲ್ಲ, ರನ್ನರ್. ಅದರ ಎರಡು ಪಕ್ಕವನ್ನು ಇಕ್ಕಳದಿಂದ ಮೆಲ್ಲಗೆ, ಒಂದಿಷ್ಟೇ ಒತ್ತಿದರೆ ಮತ್ತೆ ಕೆಲವು ತಿಂಗಳು ಓಡುತ್ತದೆ. ಅದೂ ಮುಗಿದರೆ ಬ್ಯಾಗ್ ರಿಪೇರಿಯವರ ಬಳಿ ಹೋಗಿ. ಎಲ್ಲ ನಂಬರಿನ ರನ್ನರುಗಳೂ ಅವರ ಡಬ್ಬಿಯಲ್ಲಿರುತ್ತವೆ, ಟೈಲರ್ ಇಡೀ ಜಿಪ್ಪು ಬದಲಿಸಲು ಕೇಳುವುದರ ಸಣ್ಣ ಪಾಲಿಗೆ ಕೆಲಸ ಮುಗಿಯುತ್ತದೆ.